ಮಂದಿರದ ಪರವಾಗಿ ಹೋದ ವಕೀಲಮ್ಮ

ವಕೀಲಮ್ಮನ ಪಾದಗಳು ಅಗಲ, ಹೆಬ್ಬೆರಳುಗಳು ಹೊರಕ್ಕೆ ಬಾಗಿದ್ದವು. ಹೆಂಗಸರ ಚಪ್ಪಲಿ ಯಾವುದೂ ಹಿಡಿಸುತ್ತಿರಲಿಲ್ಲವಾಗಿ ಸುಲ್ತಾನ್ ಬಜಾರಿನಲ್ಲಿ ಗಂಡಸರ ಚರ್ಮದ ಚಪ್ಪಲಿ ಕೊಂಡು, ಬಿಳಿ ಸೀರೆಯ ಮೇಲೆ ಕರಿ ಕೋಟು ಹಾಕಿ, ಟಪಟಪ ಸದ್ದು ಮಾಡುತ್ತ ಕೋರ್ಟಿಗೆ ಹೋಗುತ್ತಿದ್ದರು. ಕೂಕಟ್‌ಪಲ್ಲಿಯಲ್ಲಿ ನಮ್ಮೆದುರಿನ ಫ್ಲ್ಯಾಟು ಅವರದು. ಊರು ಕಲಬುರಗಿ ಕಡೆ. ಮದುವೆಯಾಗಿ ಮೈಸೂರಿನಿಂದ ಬಂದ ನನಗೆ ತೆಲುಗೂ ಹಿಂದಿಯೂ ಬಾರದ ದಿನಗಳಲ್ಲಿ ಮಾತಿಗೆ ಸಿಕ್ಕವರು ಅವರೊಬ್ಬರೇ.

ಯಾರು ತಕರಾರು ತಂದರೂ ಅವರು ಕೂಡಲೇ ಅಭಿಪ್ರಾಯ ಹೇಳುತ್ತಿರಲಿಲ್ಲ. "ಮೊದಲ ನಿಮ್ಮ ಮಾತು ನಾ ಹೇಳ್ತೀನಿ, ತಪ್ಪಿದ್ರ ತಿದ್ದರಿ" ಎಂದು ಬಂದವರ ಮಾತನ್ನು ಬಂದವರಿಗಿಂತ ಚೆನ್ನಾಗಿ ಹೇಳುತ್ತಿದ್ದರು. ಅತ್ತೆಯ ಮೇಲೆ ದೂರು ಒಯ್ದ ನಾನು ಅದನ್ನು ಅವರ ಬಾಯಲ್ಲಿ ಕೇಳಿ, ನಕ್ಕು ಎದ್ದುಬಂದದ್ದುಂಟು.

ಕೇಂದ್ರ ಸರ್ಕಾರದ ಕಾರ್ಖಾನೆಗಳ ನೌಕರಿಗೆ ಬಂದ ಕನ್ನಡದ ಕುಟುಂಬಗಳು ಸೇರಿ ನಮ್ಮ ಬೀದಿಯ ಕೊನೆಯಲ್ಲಿ ಪ್ರಾರ್ಥನಾ ಮಂದಿರ ಕಟ್ಟಿದ್ದವು. ಸಾಫ್ಟ್‌ವೇರ್ ಕಂಪನಿಗಳು ಬಂದ ಮೇಲೆ ಸುತ್ತಲ ಬಯಲೆಲ್ಲ ಅಪಾರ್ಟ್‌ಮೆಂಟಾಗತೊಡಗಿತು. ಅವನ್ನು ಕಟ್ಟಲು ಬಂದವರೂ ಕಲಬುರಗಿ, ರಾಯಚೂರು ಕಡೆಯವರೇ. ಆ ಹೆಂಗಸರು ಮಧ್ಯಾಹ್ನ ಮಂದಿರದೊಳಗೆ ಕೂಸುಗಳನ್ನು ಮಲಗಿಸಿ ಬುತ್ತಿ ಬಿಚ್ಚುತ್ತಿದ್ದರು. ಅಮೃತಶಿಲೆ ಹಾಸಿದ ಮೇಲೆ ಮಂದಿರದ ಸಮಿತಿಗೆ ಸಿಮೆಂಟು ಮೆತ್ತಿದ ಕಾಲುಗಳು ಬೇಡವಾದವು. ದಿನಾ ಸಂಜೆಯವರೆಗೆ ಗೇಟಿಗೆ ಬೀಗ ಬಿತ್ತು. ಸಮಿತಿಯಲ್ಲಿ ಬೀಗ ಬೇಡವೆಂದವರು ವಕೀಲಮ್ಮ ಒಬ್ಬರೇ.

ಆ ಸುಮಾರಿಗೆ ಸರ್ಕಾರ ಒಂದು ಸಭೆ ಕರೆಯಿತು. ತೆರಿಗೆ ರಿಯಾಯಿತಿ ಬೇಕೆನ್ನುವ ಧಾರ್ಮಿಕ ಸಂಸ್ಥೆಗಳು ತಮ್ಮಿಂದ ಸಾರ್ವಜನಿಕರಿಗೆ ಏನು ಉಪಯೋಗವೆಂದು ತೋರಿಸಬೇಕೆಂಬ ಕಾನೂನು ಬೇಕೇ, ಜನ ಅಭಿಪ್ರಾಯ ಹೇಳಲಿ ಎಂದು. ಅದನ್ನು ವಿರೋಧಿಸಿ ಬರಲು ಸಮಿತಿ ವಕೀಲಮ್ಮನನ್ನೇ ಕಳಿಸಿತು; ಕಾನೂನು ಬಲ್ಲವರು ಬೇರೆ ಯಾರಿದ್ದರು? ಜೊತೆಗೆ ಸಮಿತಿಯ ಅಧ್ಯಕ್ಷರು ಹೊರಟರು, ನಾನೂ ಹೋದೆ. ಅಷ್ಟರಲ್ಲಿ ನನಗೆ ಹಿಂದಿ ತಿಳಿಯುತ್ತಿತ್ತು.

ಪೂಜೆಯೇ ಲೋಕೋಪಕಾರ, ಅದಕ್ಕೆ ಸಾಕ್ಷಿ ಕೇಳಬೇಡಿ ಎಂದರು ಒಬ್ಬರು. ಶಾಲೆಯನ್ನೋ ಆಸ್ಪತ್ರೆಯನ್ನೋ ನಡೆಸದ ಗುಡಿಗೆ ರಿಯಾಯಿತಿ ಯಾಕೆ ಎಂದರು ಇನ್ನೊಬ್ಬರು. ವಕೀಲಮ್ಮ ಎದ್ದು, ಮೊದಲು ಇಬ್ಬರ ಮಾತನ್ನೂ ತಾವೇ ಹೇಳಿದರು. ಇಬ್ಬರೂ ತಲೆಯಾಡಿಸಿದರು. ಆಮೇಲೆ ದಖನಿ ಉರ್ದು ಬೆರೆತ ಹಿಂದಿಯಲ್ಲಿ, ಮನುಷ್ಯನಿಗೆ ಕೂತು ಅಳಲು ಒಂದು ಜಾಗ ಬೇಕು, ಅದೂ ಉಪಕಾರವೇ, ಅದನ್ನು ಯಾವ ಅಧಿಕಾರಿಯೂ ಅಳೆಯಲಾರ ಎಂದರು. ಅಧ್ಯಕ್ಷರು ಹಿಗ್ಗಿದರು. ಆದರೆ ವಕೀಲಮ್ಮನ ಮಾತು ಅಲ್ಲಿಗೆ ಮುಗಿದಿರಲಿಲ್ಲ. ಬಾಗಿಲು ಯಾರಿಗೆ ತೆರೆದಿದೆ ಎಂದು ಮಾತ್ರ ಕೇಳಬಹುದು, ಕೇಳಲೇಬೇಕು ಎಂದರು. ತಮ್ಮ ಮಂದಿರ ಹಗಲೆಲ್ಲ ಮುಚ್ಚಿರುತ್ತದೆಂದೂ, ಯಾರು ಬರಬಾರದೆಂದು ಮುಚ್ಚಿದ್ದೇವೆಂದೂ ಹೇಳಿ ಕುಳಿತರು.

ಬಸ್‌ಸ್ಟಾಪಿನಲ್ಲಿ ಅಧ್ಯಕ್ಷರು ವಕೀಲಮ್ಮನತ್ತ ತಿರುಗಿದರು. "ನಮ್ಮ ಪರವಾಗಿ ಕಳಿಸಿದ್ವಿ, ಅಕ್ಕಾರ. ನೀವು ನಮ್ಮ ಮಾನಾ ಕಳದ್ರಿ" ಎಂದರು.

"ನಿಮ್ಮ ಪರವಾಗೇ ಮಾತಾಡೀನ್ರಿ. ಮಂದಿರ ಎಲ್ಲಾರಿಗೂ ಐತಿ ಅಂತ ಬಾಗಲದ ಮ್ಯಾಲ ನಾವ ಬರಸೀವಿ. ಅದನ್ನ ಸುಳ್ಳ ಮಾಡಬ್ಯಾಡ್ರಿ ಅಂದೆ, ಅಷ್ಟ."

ಸಮಿತಿ ಅವರನ್ನು ಕೈಬಿಟ್ಟಿತು. ಬುನಾದಿಗೆ ತಾವೂ ಕಲ್ಲು ಹೊತ್ತ ಮಂದಿರ ಅದು. ನೋವಾಯಿತೆಂದು ಅವರು ಬಾಯಿಬಿಟ್ಟು ಹೇಳಲಿಲ್ಲ; ಭಜನೆಯ ಹೊತ್ತಿಗೆ ಬಾಲ್ಕನಿಗೆ ಬಂದು ಕಿವಿಗೊಟ್ಟು ನಿಲ್ಲುತ್ತಿದ್ದುದನ್ನು ಮಾತ್ರ ನಾನು ನೋಡಿದ್ದೇನೆ.

ಆ ಕಾನೂನು ಏನಾಯಿತೋ ನಮಗೆ ತಿಳಿಯಲಿಲ್ಲ. ಬೇಸಿಗೆ ಬಂದಾಗ ಅಧ್ಯಕ್ಷರ ಹೆಂಡತಿ ಗಂಡನ ಕೂಡ ಜಗಳವಾಡಿ ಹಗಲು ಗೇಟು ತೆಗೆಸಿದರು, ಜಗುಲಿಯವರೆಗೆ. ಒಳಬಾಗಿಲ ಬೀಗ ಹಾಗೇ ಇತ್ತು. ರಜೆಯ ದಿನ ವಕೀಲಮ್ಮ ಹೋಗಿ ಆ ಹೆಂಗಸರ ನಡುವೆ ಕೂತು ಖಡಕ್ ರೊಟ್ಟಿ ಮುರಿಯುತ್ತಿದ್ದರು. ಮಳೆ, ಬೆಳೆ, ತವರಿನ ಮಾತು. ಕೋರ್ಟಿನ ಸುದ್ದಿ ಎತ್ತುತ್ತಿರಲಿಲ್ಲ. ಸಂಜೆ ಭಜನೆಗೆ ಕರೆದರೆ, "ಇವ್ರು ಒಳಗ ಬರೋ ದಿನಾ ನಾನೂ ಬರ್ತೀನಿ" ಎನ್ನುತ್ತಿದ್ದರು. ಅವರಿರುವವರೆಗೆ ಆ ದಿನ ಬರಲಿಲ್ಲ.

ಕಾಮಾಲೆ ಉಲ್ಬಣಿಸಿ ವಕೀಲಮ್ಮ ಹೋಗಿಬಿಟ್ಟರು. ಅಧ್ಯಕ್ಷರೇ ಮುಂದಾಗಿ ಹೆಗಲು ಕೊಟ್ಟರು. ಕೂಲಿ ಬಿಟ್ಟು ಆ ಹೆಂಗಸರೂ ಸ್ಮಶಾನಕ್ಕೆ ಬಂದಿದ್ದರು. ಅವರಲ್ಲಿ ವಯಸ್ಸಾದವಳೊಬ್ಬಳು ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಪಕ್ಕಕ್ಕೆ ಬಂದು, ಅಕ್ಕಾರು ಏನು ಕೆಲಸದಲ್ಲಿದ್ದರು ಎಂದು ಕೇಳಿದಳು. ವಕೀಲರು ಎಂದೆ.

"ಯಾರ ಕಡಿ ವಕೀಲ್ರಿ?"

ನಿಮ್ಮ ಕಡೆ ಎಂದೆ.

ಆಕೆ ಯೋಚಿಸಿದಳು. "ನಮ್ದ್ಯಾವ ಕೇಸೂ ಇದ್ದಿಲ್ಲಲ್ರಿ" ಎಂದಳು.