ಅರ್ಧ ಬೆನ್ನಿಗೆ, ಅರ್ಧ ನೆಲಕ್ಕೆ

ಈಗ ನಗುತ್ತಾ ಬರೆಯುತ್ತಿದ್ದೇನೆ. ಧನುರ್ಮಾಸ ಶುರುವಾದಾಗ ನಗು ಬರುವ ಹಾಗಿರಲಿಲ್ಲ. ಗಂಡನಿಗೆ ಯಾವ ಬಟ್ಟೆಯ ಮೇಲೆ ಯಾವ ಬಟ್ಟೆ ಹೊದಿಸಲಿ ಎಂಬ ಒಂದೇ ಯೋಚನೆಯಲ್ಲಿ ನನ್ನ ತಲೆ ಕೆಟ್ಟುಹೋಗಿತ್ತು.

ನಮ್ಮೂರು ತೀರ್ಥಹಳ್ಳಿಯಿಂದ ಕವಲೇದುರ್ಗಕ್ಕೆ ಹೋಗುವ ದಾರಿಯಲ್ಲಿದೆ. ನನ್ನ ಗಂಡ ಊರಿನ ಈಶ್ವರ ದೇವಸ್ಥಾನದ ಅರ್ಚಕರು, ನಾನು ಪೇಟೆಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ದೇವಸ್ಥಾನಕ್ಕೆ ಮನೆಯಿಂದ ಗದ್ದೆಯಂಚಿನಲ್ಲಿ ಕಾಲು ಗಂಟೆ ನಡೆದು, ಕೊನೆಗೆ ಕಡಿದಾದ ಮೆಟ್ಟಿಲು ಹತ್ತಬೇಕು. ಮಂಗಳಾರತಿಗೆ ಅವರು ಊದುವ ಶಂಖ ಗದ್ದೆ ದಾಟಿ ನನ್ನ ಅಡುಗೆಮನೆಗೆ ಕೇಳುತ್ತದೆ. ಅದು ಕೇಳಿದ ಮೇಲೆ ನಾನು ಕಾಫಿಗೆ ಹಾಲಿಡುವುದು. ಮದುವೆಯಾದಾಗಿನಿಂದ ನಮ್ಮ ಮನೆಯ ಲೆಕ್ಕ ಇದೇ.

ನವರಾತ್ರಿ ಹೊತ್ತಿಗೆ ಅವರಿಗೆ ನ್ಯುಮೋನಿಯಾ ಆಯಿತು. ಎಂಟು ದಿನ ಆಸ್ಪತ್ರೆ. ಮನೆಗೆ ಬಂದ ಮೇಲೆ ಜಗಲಿಯಿಂದ ಬಚ್ಚಲಿಗೆ ಹೋಗಿ ಬರಲು ಎರಡು ಕಡೆ ಕೂರುತ್ತಿದ್ದರು. ಪೂಜೆಗೆ ಸಾಗರದಿಂದ ಅವರ ದಾಯಾದಿಯೊಬ್ಬರು ಬಂದು ನಿಂತರು. ಧನುರ್ಮಾಸವನ್ನೂ ತಾವೇ ಮುಗಿಸಿಕೊಡುವುದಾಗಿ ಹೇಳಿದರು. ನನ್ನ ಗಂಡ ಒಪ್ಪಲಿಲ್ಲ.

ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು. "ಅದೇ ಶ್ವಾಸಕೋಶಕ್ಕೆ ಇನ್ನೊಂದ್ಸಲ ಬಂದ್ರೆ ಈ ಸಲದಷ್ಟು ಸುಲಭಕ್ಕೆ ಬಿಡೋದಿಲ್ಲ. ಬೆಳಗಿನ ಜಾವ ಹೊರಗೆ ಹೋಗ್ಲೇಬೇಕು ಅಂದ್ರೆ ಮೈ ಬೆಚ್ಚಗಿರ್ಲಿ. ಒದ್ದೆ ಬಟ್ಟೆ ಬೇಡ. ಶಂಖ ಅಂತೂ ಮುಟ್ಟಬೇಡಿ."

"ಹೋಗಲೇಬೇಕು ಅಂದ್ರೆ" ಎಂಬ ಮಾತನ್ನು ಅವರು ಗಟ್ಟಿಯಾಗಿ ಹಿಡಿದುಕೊಂಡರು. ನಾನು ಕೂಗಾಡಿದೆ. ಎರಡು ದಿನ ಮಾತು ಬಿಟ್ಟೆ. ಮೂರನೆಯ ದಿನ ಅವರು ಮೆಲ್ಲಗೆ, "ಈ ಸಲ ಕೂತ್ಬಿಟ್ರೆ ನಾನು ಕೂತೇಬಿಡ್ತೀನಿ ಮಾರಾಯ್ತಿ" ಎಂದರು. ಸರಿ, ಹೋಗುವವರನ್ನು ತಡೆಯಲಾಗದಿದ್ದರೆ ಬೆಚ್ಚಗೆ ಕಳಿಸಬೇಕು ಎಂದುಕೊಂಡೆ.

ಹೇಳುವಷ್ಟು ಸುಲಭವಲ್ಲ ಅದು. ಧನುರ್ಮಾಸದ ಪೂಜೆ ಸೂರ್ಯ ಹುಟ್ಟುವ ಮೊದಲು ಮುಗಿಯಬೇಕು. ನಮ್ಮ ಕಡೆ ಆ ಹೊತ್ತಿಗೆ ಮಂಜು ಎಷ್ಟಿರುತ್ತದೆಂದರೆ ಮರದ ಕೆಳಗೆ ನಿಂತರೆ ತಲೆ ನೆನೆಯುತ್ತದೆ. ದೇವಸ್ಥಾನದ ಬಾವಿಯಲ್ಲಿ ನೀರು ಸೇದಿ ಮೈಮೇಲೆ ಹೊಯ್ದುಕೊಳ್ಳಬೇಕು, ಮಡಿ ಉಟ್ಟು ಒಳಗೆ ಹೋಗಬೇಕು. ಹೊಲಿದ ಬಟ್ಟೆ ಗರ್ಭಗುಡಿಯೊಳಗೆ ನಡೆಯುವುದಿಲ್ಲ. ಹಿಂದಿನ ದಿನ ಒಣಗಲು ಹಾಕಿದ ಹತ್ತಿಯ ಪಂಚೆ ಆ ಮಂಜಿಗೆ ಆರುವ ಜಾತಿಯದ್ದಲ್ಲ. ಆರದಿದ್ದರೂ ಮಡಿ ಮಡಿಯೇ ಎಂದು ಅದನ್ನೇ ಉಟ್ಟು ಒಂದು ಗಂಟೆ ಕಲ್ಲಿನ ನೆಲದ ಮೇಲೆ ಕೂರುವುದು ತಲೆತಲಾಂತರದ ಪದ್ಧತಿ.

ಹೊಲಿಗೆ ಇಲ್ಲದ ಬೆಚ್ಚನೆಯ ಬಟ್ಟೆ ಯಾವುದು ಎಂದು ಯೋಚಿಸಿದಾಗ ನನಗೆ ಹೊಳೆದದ್ದು ಶಾಲು. ಮೇಷ್ಟ್ರ ಮನೆಯಲ್ಲಿ ಅಕ್ಕಿ ಮುಗಿದಿದ್ದೀತು, ಸನ್ಮಾನದ ಶಾಲು ಮುಗಿಯುವುದಿಲ್ಲ. ಟ್ರಂಕಿನಿಂದ ಮೂರು ಶಾಲು ತೆಗೆದು ಒಂದರ ಮೇಲೊಂದು ಹೊದಿಸಿದೆ. ಜರಿಯ ಅಂಚು, ಗುಲಾಬಿ ಬಣ್ಣ. "ಹಾರ ಒಂದು ಹಾಕ್ಬಿಡು, ಭಾಷಣ ಮಾಡ್ತೀನಿ" ಎಂದರು. ಮೊದಲ ದಿನವೇ ಗೊತ್ತಾಯಿತು, ಆ ಶಾಲು ಫೋಟೋಕ್ಕೆ ಮಾತ್ರ. ನೈಲಾನಿನ ಮೂರು ಪದರವನ್ನೂ ದಾಟಿ ಗಾಳಿ ನೇರ ಎದೆಗೆ ಬಡಿಯುತ್ತಿತ್ತಂತೆ. ಮನೆಗೆ ಬಂದವರು ಅರ್ಧ ಗಂಟೆ ಒಲೆಯ ಮುಂದಿನಿಂದ ಏಳಲಿಲ್ಲ.

ಆಮೇಲೆ ಮೊಬೈಲಿನಲ್ಲಿ ಹುಡುಕಿದೆ. ಹಿಮಾಲಯ ಹತ್ತುವ ಒಬ್ಬ ಮನುಷ್ಯ ಮೂರು ಪದರದ ಬಗ್ಗೆ ಹೇಳುತ್ತಿದ್ದ. ಒಳಗಿನದು ಮೈ ಒಣಗಿಸಿಡಲು, ನಡುವಿನದು ಶಾಖ ಹಿಡಿದಿಡಲು, ಹೊರಗಿನದು ಗಾಳಿ ತಡೆಯಲು. ನಾನು ಅರ್ಧ ಕೇಳಿ ಪೂರ್ತಿ ಕೇಳಿದವಳ ಹಾಗೆ ತೀರ್ಥಹಳ್ಳಿಯ ಪೇಟೆಗೆ ಹೋದೆ. ತೋಳುದ್ದದ ದಪ್ಪ ಬನಿಯನ್ನು, ಸ್ವೆಟರು, ಟೋಪಿಯಿರುವ ಜರ್ಕಿನ್ನು, ಮಂಕಿ ಕ್ಯಾಪು, ಎಲ್ಲ ಬಂತು. ದಾರಿಯಲ್ಲಾದರೂ ಬೆಚ್ಚಗಿರಲಿ, ದೇವಸ್ಥಾನದಲ್ಲಿ ತೆಗೆದಿಡಲಿ ಎಂದು ನನ್ನ ಯೋಜನೆ. ಅವರು ಬೇಡ ಎನ್ನಲಿಲ್ಲ. ನನ್ನ ಮುಖ ನೋಡಿ ಎಲ್ಲವನ್ನೂ ಹಾಕಿಕೊಂಡು, ತೋಳು ಕೆಳಗಿಳಿಸಲಾಗದೆ, ಗದ್ದೆಯ ಬೆಚ್ಚಪ್ಪನ ಹಾಗೆ ಕೈ ಅಗಲಿಸಿಕೊಂಡು ಹೋದರು.

ನಾಲ್ಕನೆಯ ದಿನಕ್ಕೆ ಕೆಮ್ಮು ಶುರುವಾಯಿತು. ಜೋರಾದ ಕೆಮ್ಮಲ್ಲ. ಮಾತಿನ ನಡುವೆ ಒಂದು ಸಲ, ಊಟದ ನಡುವೆ ಒಂದು ಸಲ. ನವರಾತ್ರಿಯಲ್ಲೂ ಹೀಗೇ ಶುರುವಾಗಿದ್ದು. ನನಗೆ ಹೆದರಿಕೆಯಾಯಿತು. ಪಾಠ ಮಾಡುತ್ತಾ ಬೋರ್ಡಿನ ಮುಂದೆ ನಿಂತಾಗಲೂ ಆ ಕೆಮ್ಮೇ ಕಿವಿಯಲ್ಲಿರುತ್ತಿತ್ತು.

ಆ ಭಾನುವಾರ ಅಂಗಳದಲ್ಲಿ ಅವರ ಬನಿಯನ್ನು ಹಿಂಡುತ್ತಿದ್ದೆ. ಪಕ್ಕದ ಮನೆಯಾಕೆ ಡೈರಿಗೆ ಹಾಲು ಹಾಕಿ, ಖಾಲಿ ಕ್ಯಾನು ಹಿಡಿದು ಬೇಲಿಯ ಹತ್ತಿರ ನಿಂತರು. ನನಗಿಂತ ಹದಿನೈದು ವರ್ಷ ದೊಡ್ಡವರು, ಹೊಸನಗರದ ಕಡೆಯಿಂದ ಮದುವೆಯಾಗಿ ಬಂದವರು. ಅವರ ಮಾವ ದೇವಸ್ಥಾನದ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದರು. ಈಗ ಆ ಗದ್ದೆ ಅವರದೇ.

"ಇಷ್ಟು ಬೇಗ ಬಟ್ಟೆ ಒಗ್ದಾಯ್ತಾ ಟೀಚರಮ್ಮಾ?"

"ಒಗ್ದಿದ್ದಲ್ಲ, ಇವ್ರ ಬೆವ್ರು. ಅಷ್ಟು ಬೆಚ್ಚಗೆ ಕಳಿಸ್ತೀನಿ ನೋಡಿ" ಎಂದೆ. ನನ್ನ ದನಿಯಲ್ಲಿ ಹೆಮ್ಮೆಯಿತ್ತು.

ಅವರು ಕ್ಯಾನು ಕೆಳಗಿಟ್ಟರು. "ಅಯ್ಯೋ, ಬೆವರಿಗೇ ಅಲ್ವಾ ಚಳಿ ಹಿಡಿಯೋದು! ನಾನು ಮನೆ ಬಿಡುವಾಗ ಹಲ್ಲು ಕಟಕಟ ಅಂತಿರ್ತದೆ. ಡೈರಿ ಮುಟ್ಟೋ ಹೊತ್ತಿಗೆ ಸಮ ಆಗ್ತದೆ. ಹೊರಡುವಾಗ್ಲೇ ಬೆಚ್ಚಗಿದ್ರೆ ಕೆಟ್ಟಂಗೆ."

ನಾನು ಹಿಂಡುವುದನ್ನು ನಿಲ್ಲಿಸಿದೆ. ನೀರು ಆವಿಯಾಗುವಾಗ ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ ಎಂದು ವರ್ಷವರ್ಷವೂ ಮಕ್ಕಳ ಕೈಗೆ ಸ್ಪಿರಿಟ್ ಹಚ್ಚಿ ತೋರಿಸುವವಳು ನಾನು. ಊರಿಗೆ ಬುದ್ಧಿ ಹೇಳುವವರ ಮನೆಯ ಕಥೆ ಹೀಗೆಯೇ.

ಮಾರನೆಯ ದಿನ ಬೆಳಗಿನ ಜಾವ ಟಾರ್ಚ್ ಹಿಡಿದು ಅವರ ಹಿಂದೆಯೇ ಹೋದೆ. ಮೆಟ್ಟಿಲು ಹತ್ತಿ ಅವರು ಜರ್ಕಿನ್ನು, ಸ್ವೆಟರು ಬಿಚ್ಚಿದಾಗ ಬಲ್ಬಿನ ಬೆಳಕಿನಲ್ಲಿ ಬೆನ್ನಿನಿಂದ ಆವಿ ಏಳುತ್ತಿತ್ತು. ಬಾವಿಯ ನೀರೇನೋ ಬೆಚ್ಚಗೇ ಇತ್ತು, ಅದನ್ನು ಅವರು ಮೊದಲಿನಿಂದಲೂ ಹೇಳುತ್ತಿದ್ದರು. ತೊಂದರೆ ಇದ್ದದ್ದು ಅದರ ಹಿಂದೆ ಮುಂದೆ. ಬೆವರಿದ ಮೈ ಮಂಜಿಗೆ ತೆರೆದುಕೊಳ್ಳುತ್ತಿತ್ತು, ಆಮೇಲೆ ಥಂಡಿ ಹಿಡಿದ ಪಂಚೆ, ಆಮೇಲೆ ಕಲ್ಲು. ನಾನು ಹೊರಗಿನ ಪೌಳಿಯಲ್ಲಿ ಕೂತಿದ್ದೆ. ಹತ್ತು ನಿಮಿಷಕ್ಕೆ ನೆಲದ ಚಳಿ ಸೊಂಟಕ್ಕೆ ಬಂತು. ಒಳಗೆ ಮಂತ್ರದ ನಡುವೆ ಏಳು ಸಲ ಕೆಮ್ಮಿದರು. ನಾನು ಎಣಿಸಿದೆ.

ಆ ಸಂಜೆ ಪಕ್ಕದ ಮನೆಯಾಕೆ ಒಂದು ಹೊಸ ಕರಿ ಕಂಬಳಿ ತಂದು ಜಗಲಿಯ ಮೇಲಿಟ್ಟರು. "ಸಾಗರದ ಸಂತೇಲಿ ಅಳಿಯಂಗೆ ಅಂತ ತಂದಿದ್ದು. ಅವ್ನಿಗೆ ಜರ್ಕಿನ್ನೇ ಆಗ್ಬೇಕಂತೆ. ಭಟ್ರಿಗೆ ಕೊಡಿ. ಕಂಬ್ಳಿಗೆ ಮೈಲಿಗೆ ಇಲ್ಲ ಅಂತ ಹೇಳೋರು ನೀವೇ ಅಲ್ವಾ?"

ಅವರು ಹೋದ ಮೇಲೆ ನಾನು ಅದನ್ನು ಒಳಗೆ ತರದೆ ಜಗಲಿಯಲ್ಲೇ ಬಿಟ್ಟೆ. ಇವರು ಏನೆನ್ನುತ್ತಾರೋ, ದೇವಸ್ಥಾನದೊಳಗೆ ಯಾರ ಮನೆಯ ಕಂಬಳಿ ಎಂದು ಯಾರಾದರೂ ಕೇಳಿದರೋ ಎಂಬ ಅಳುಕು. ಬರೆಯುವಾಗಲೂ ನಾಚಿಕೆಯಾಗುತ್ತದೆ. ಇವರು ಹೊರಗೆ ಬಂದವರೇ ಕಂಬಳಿಯನ್ನು ಎತ್ತಿ ಮೂಗಿಗೆ ಹಿಡಿದು, "ಕುರಿ ವಾಸನೆ ಇನ್ನೂ ಹೋಗಿಲ್ಲ, ಒಳ್ಳೇ ಮಾಲು" ಎಂದು ಹೊದ್ದು ನೋಡಿದರು. "ಅಜ್ಜ ಇದನ್ನೇ ಹಾಸಿಕೊಂಡು ಜಪ ಮಾಡ್ತಿದ್ರು. ನನಗೆ ನೆನಪೇ ಆಗ್ಲಿಲ್ಲ ನೋಡು" ಎಂದರು.

ಅವತ್ತು ಇಬ್ಬರೂ ಕೂತು ಬಟ್ಟೆಯ ಲೆಕ್ಕ ಹಾಕಿದೆವು. ವೀಡಿಯೋವನ್ನು ಈ ಸಲ ಪೂರ್ತಿ ನೋಡಿದೆ. ಹತ್ತಿ ನೀರು ಹಿಡಿದರೆ ಬಿಡುವುದಿಲ್ಲ, ಚಳಿಗೆ ಅದೇ ಶತ್ರು, ಮೈಗೆ ತಾಗುವಲ್ಲಿ ರೇಷ್ಮೆಯೋ ಉಣ್ಣೆಯೋ ಇರಲಿ ಎಂದು ಆತ ಕೊನೆಯಲ್ಲಿ ಹೇಳಿದ್ದ. ಮಡಿಗೂ ಅವೆರಡೂ ಸಲ್ಲುತ್ತವೆ! ರೇಷ್ಮೆಯನ್ನು ದಿನಾ ನೀರಿಗೆ ಹಾಕಬೇಕಿಲ್ಲ, ಗಾಳಿಗೆ ಹರವಿದರೆ ಸಾಕು. ಮದುವೆಯ ಪಟ್ಟೆಮಡಿ ಪೆಟ್ಟಿಗೆಯಿಂದ ಹೊರಗೆ ಬಂತು. ಹೋಗುವಾಗ ತೆಳ್ಳಗಿನ ಒಂದು ಅಂಗಿ, ಅದರ ಮೇಲೆ ನಮ್ಮ ಮನೆಯ ಹಳೆಯ ಕಂಬಳಿಯ ಕೊಪ್ಪೆ. ತಲೆ, ಬೆನ್ನು ಮುಚ್ಚುತ್ತದೆ, ಎದುರು ತೆರೆದಿರುತ್ತದೆ. ಸೆಖೆಯಾದರೆ ಹಿಂದೆ ಸರಿಸಿದರಾಯಿತು. ಸ್ನಾನವಾದ ಮೇಲೆ ಮೈ ಚೆನ್ನಾಗಿ ಒರೆಸಿಕೊಂಡು ಒಣ ಪಟ್ಟೆಮಡಿ. ಹೊಸ ಕಂಬಳಿ ದೇವಸ್ಥಾನದಲ್ಲೇ ಇರುತ್ತದೆ. ಅದು ಉದ್ದವಿತ್ತು. ಅರ್ಧ ಮಡಚಿ ಕೂರಲು, ಉಳಿದರ್ಧ ಹಿಂದಿನಿಂದ ಎಳೆದು ಬೆನ್ನಿಗೆ.

ಹೊಸ ಲೆಕ್ಕದ ಮೊದಲ ದಿನ ಅಂಗಳ ದಾಟುವಾಗ ಅವರು ಗಡಗಡ ನಡುಗಿದರು. "ಹಲ್ಲು ಕಟಕಟ ಅಂತಿದೆ, ಇನ್ನು ಪಾಸು" ಎಂದು ನಗುತ್ತಾ ಮಂಜಿನೊಳಗೆ ಹೋದರು. ಮರಳಿ ಬಂದಾಗ ನಾನು ಬಾಗಿಲಲ್ಲೇ ನಿಲ್ಲಿಸಿ, ಅಂಗಿಯೊಳಗೆ ಕೈ ತೂರಿಸಿ ಬೆನ್ನು ಮುಟ್ಟಿ ನೋಡಿದೆ. ಒಣಗಿತ್ತು. ಅಂದಿನಿಂದ ದಿನಾ ಹಾಗೆಯೇ ಮುಟ್ಟಿ ನೋಡುವುದು ರೂಢಿಯಾಯಿತು. "ಎಮ್ಮೆ ಕೊಳ್ಳೋರು ಹೀಗೆ ತಡವಿ ನೋಡ್ತಾರೆ" ಎಂದು ಗೊಣಗಿದರೂ ನಿಂತುಕೊಳ್ಳುತ್ತಿದ್ದರು. ವಾರದೊಳಗೆ ಕೆಮ್ಮು ಕಡಿಮೆಯಾಯಿತು. ಆಮೇಲೆ ಯಾವತ್ತು ಪೂರ್ತಿ ನಿಂತಿತೋ ನನಗೆ ಗೊತ್ತಾಗಲಿಲ್ಲ, ಗೊತ್ತಾಗದಷ್ಟು ಚೆನ್ನಾಗಿ ನಿದ್ದೆ ಬರುತ್ತಿತ್ತು.

ಸಂಕ್ರಾಂತಿಯ ಹಿಂದಿನ ದಿನ ಡಾಕ್ಟರ ಹತ್ತಿರ ಹೋದೆವು. ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ತುಂಬಾ ಹೊತ್ತು ಕೇಳಿದರು. ಎಕ್ಸ್‌ರೇ ಎತ್ತಿ ಬೆಳಕಿಗೆ ಹಿಡಿದರು. "ಕ್ಲಿಯರ್ ಇದೆ. ಎಂತ ಮಾಡಿದ್ರಿ?" ಎಂದರು. ನಾನು ಕಂಬಳಿಯ ಕಥೆ ಹೇಳಲು ಹೋಗಿ, ಅರ್ಧಕ್ಕೇ ಬಿಟ್ಟು, ಔಷಧಿ ಅಂಗಡಿಯ ನೆಪ ಹೇಳಿ ಹೊರಗೆ ಬಂದುಬಿಟ್ಟೆ. ಒಳಗೆ ಅವರಿಬ್ಬರೂ ಮತ್ತೇನು ಮಾತಾಡಿದರೋ ಕೇಳಲಿಲ್ಲ.

ಹಬ್ಬದ ಬೆಳಿಗ್ಗೆ ಕರೆಂಟಿರಲಿಲ್ಲ. ಮೇಣದ ಬತ್ತಿ ಹಚ್ಚಿಟ್ಟು ಎಳ್ಳು ಬೆಲ್ಲ ಬೆರೆಸುತ್ತಿದ್ದೆ. ಹಾಲು ಒಲೆಯ ಮೇಲಿತ್ತು. ಆ ತಿಂಗಳಿಡೀ ಶಂಖವಿಲ್ಲದೆ ಕಾಫಿಯ ಹೊತ್ತನ್ನು ನಾನೇ ಅಂದಾಜು ಮಾಡುತ್ತಿದ್ದೆ. ಆಗ ಗದ್ದೆಯ ಆಚೆಯಿಂದ ಅದು ಬಂತು. ಮೊದಲು ಸಣ್ಣಗೆ, ಹೆದರಿ ಹೆದರಿ. ಆಮೇಲೆ ಉದ್ದಕ್ಕೆ, ಎಲ್ಲೂ ಮುರಿಯದೆ. ನಾನು ಉಸಿರು ಬಿಗಿಹಿಡಿದು ನಿಂತಿದ್ದೆ. ನನ್ನ ಉಸಿರು ಮುಗಿಯಿತು, ಅವರದು ಮುಗಿಯಲಿಲ್ಲ. ಬೇಲಿಯಾಚೆಯಿಂದ ಪಕ್ಕದ ಮನೆಯಾಕೆ, "ಕೇಳ್ತಾ ಟೀಚರಮ್ಮಾ?" ಎಂದು ಕೂಗಿದರು. ಹಾಲು ಉಕ್ಕಿ ಒಲೆಯೆಲ್ಲ ಹರಿಯಿತು.

ಬೆಳಕು ಹರಿದ ಮೇಲೆ ಅವರು ಬಂದರು. ಬಾಗಿಲಲ್ಲಿ ನಿಂತು, ಏನೂ ಆಗದವರ ಹಾಗೆ, "ಕೇಳಿಸ್ತಾ?" ಎಂದರು.

"ಎಂತದು? ನಾನು ಮಿಕ್ಸಿ ಹಾಕ್ಕೊಂಡಿದ್ದೆ."

ಅವರು ಒಲೆಯನ್ನು ನೋಡಿದರು, ಮೇಣದ ಬತ್ತಿಯನ್ನು ನೋಡಿದರು. "ಕರೆಂಟಿಲ್ದೆ ಮಿಕ್ಸಿ ಓಡಿಸ್ತೀಯಾ ಮಾರಾಯ್ತಿ?"

ಅವರೇ ದಿನದ ರೂಢಿಯಂತೆ ಬೆನ್ನು ತಿರುಗಿಸಿ ನಿಂತರು. ಅಂಗಿಯೊಳಗೆ ಕೈಯಿಟ್ಟೆ. ಬೆನ್ನು ಒಣಗಿತ್ತು, ಬೆಚ್ಚಗಿತ್ತು. ಆವತ್ತು ಆ ಕೈಯನ್ನು ತೆಗೆಯಲು ನನಗೆ ಮನಸ್ಸಾಗಲಿಲ್ಲ.