ಚಳಿಯ ಮೇಲೆ ಹೊರಿಸಿದ ಐದು ಪೆಟ್ಟಿಗೆ

ಕೊತ್ತತ್ತಿಯಲ್ಲಿ ಕೋಳಿಗಳೇ ಇನ್ನೂ ಕಣ್ಣುಜ್ಜಿಕೊಳ್ಳುತ್ತಿವೆ. ಧನುರ್ಮಾಸದ ಚಳಿಗೆ ನಾಲೆಯ ನೀರು ಕೂಡ ಹಲ್ಲು ಕಡಿಯುತ್ತ ಹರಿಯುತ್ತಿದೆ. ಶಿವರಾಮು ಅವರ ತೆಂಗಿನ ತೋಟದಲ್ಲಿ ಐವತ್ತಾರರ ಪಟ್ಟಲಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಜೇನುಪೆಟ್ಟಿಗೆಯ ಹಿಂಬದಿಗೆ ಎರಡು ಬೆರಳು ಕೊಟ್ಟು, ಒಂದಿಂಚು ಎತ್ತುತ್ತಾರೆ. ಕಣ್ಣು ಮುಚ್ಚುತ್ತಾರೆ. ಇಳಿಸುತ್ತಾರೆ. ಒಳಗೆ ಜೇನುತುಪ್ಪ ಎಷ್ಟಿದೆ, ಹೊಂಗೆ ಹೂ ಬಿಡುವವರೆಗೆ ಆ ಸಂಸಾರಕ್ಕೆ ಸಾಕೇ, ಮೇಲೆ ಸಕ್ಕರೆ ಪಾಕ ಕೊಡಬೇಕೇ ಎಂಬುದನ್ನು ಆ ಎರಡು ಬೆರಳು ಹೇಳಿಬಿಡುತ್ತವೆ. ಚಿನ್ನದಂಗಡಿಯ ತಕ್ಕಡಿ ಇವರ ಮುಂದೆ ಕೈಕಟ್ಟಿ ನಿಲ್ಲಬೇಕು.

ಶಿವರಾಮು ಆಗಲೇ ಪಾಕದ ಕ್ಯಾನು ಹಿಡಿದು ನಿಂತಿದ್ದಾರೆ.

“ಬೇಡ ಕಣ್ಲಾ, ಒಟ್ಟೆ ತುಂಬ್ದೋರ್ಗೆ ಯಾರಾರ ಎಲೆ ಆಕ್ತಾರಾ? ಗೂಡೆಲ್ಲ ಪಾಕ ತುಂಬುದ್ರೆ ರಾಣಿ ಎಲ್ಲಿ ಮೊಟ್ಟೆ ಇಕ್ಕದು, ನಿನ್ ತಲೆ ಮ್ಯಾಲಾ?”

“ಕಾಸಿರೋ ಪಾಕ ಏನ್ಮಾಡ್ಲಕ್ಕ?”

“ಆ ಮೂರ್ನೇದು ಅಗುರಾಗದೆ. ಒಟ್ಟೆಗಿಲ್ದೆ ಬಾಗ್ಲಾಚೆ ಮರಿ ಎಳ್ದಾಕವೆ ನೋಡು. ಸಂಜೆ ಮ್ಯಾಲೆ ಅದುಕ್ಕೆ ಕೊಡು. ಪಾಕದ್ ಚಿಪ್ಪಲ್ಲಿ ಕಡ್ಡಿ ಆಕು, ಇಲ್ದಿದ್ರೆ ಮುಳುಗೋಯ್ತವೆ.”

ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ತಾಲ್ಲೂಕನ್ನು ಪತ್ರಿಕೆಗೆ ಬರೆಯುವ ನಾನು ಬರಿಗಾಲಲ್ಲಿ ಅಳೆದವನು. ನನ್ನ ಕಣ್ಣು ತಪ್ಪಿಸಿದ ಎಲೆಮರೆಯ ಕಾಯಿ ಇನ್ನೂ ಬಿಟ್ಟಿಲ್ಲ. ದಿನಕ್ಕೆ ನೂರು ಪೆಟ್ಟಿಗೆ ಎತ್ತುತ್ತಾರೆಂದು ಬರೆದುಕೊಳ್ಳುತ್ತಿದ್ದರೆ ಪಟ್ಟಲಮ್ಮ ಪುಸ್ತಕದೊಳಕ್ಕೇ ಇಣುಕುತ್ತಾರೆ.

“ನೂರೆಲ್ಲಿಂದ ತರ್ಲಿ ಸಾ? ಮೂವತ್ತಾಗೋದ್ರೊಳ್ಗೆ ಸೊಂಟ ಬಿದ್ದೋಯ್ತದೆ.”

ಸುತ್ತುವುದು ಒಂಬತ್ತು ಹಳ್ಳಿ, ಭತ್ತ ಕುಯ್ದ ಮೇಲೆ ಎರಡು ತಿಂಗಳು. ಕೂಲಿಯೆಂದು ಕೇಳುವುದಿಲ್ಲ, ಒಬ್ಬರು ಅವರೆಕಾಯಿ ಕೊಡುತ್ತಾರೆ, ಒಬ್ಬರು ಟೀ. ಕುಟುಕಿಸಿಕೊಂಡ ಬೆರಳುಗಳು ಬೆಂಡೆಕಾಯಿಯಂತೆ ಊದಿ, ರಾಗಿ ಮುದ್ದೆ ಕಟ್ಟಲೂ ಬಗ್ಗದ ದಿನಗಳಿವೆ. ವಿದ್ಯೆ ಕಲಿಸಿದವರು ಶಿವನಸಮುದ್ರದ ಪವರ್ ಹೌಸಿನಲ್ಲಿದ್ದು ನಿವೃತ್ತರಾದ, ಈಗ ಎಂಬತ್ತರ ಹತ್ತಿರವಿರುವ ಕೆಂಪಸಿದ್ದಯ್ಯ. ಪಟ್ಟಲಮ್ಮನ ತವರು ಅಲ್ಲೇ, ಅವರನ್ನು ಮಾವ ಎಂದೇ ಕರೆಯುವುದು.

ತೋಟದ ಎಲ್ಲ ಪೆಟ್ಟಿಗೆಗೂ ಗೋಣಿಚೀಲ ಸುತ್ತಿದೆ. ಅದ್ಯಾಕೆ ಎಂದು ಕೇಳುತ್ತೇನೆ.

“ಚಳಿಗೆ ಸಾ,” ಎನ್ನುತ್ತಾರೆ ಶಿವರಾಮು. “ಕೆಂಪಸಿದ್ದಯ್ಯೋರು ಎಲ್ರುಗೂ ಏಳವ್ರೆ. ಅವರ್ದೇ ಐದು ಪೆಟ್ಟಿಗೆ ಚಳಿಗೆ ಸತ್ತೋದ್ವಂತೆ.”

ಪಟ್ಟಲಮ್ಮ ಮುಖ ತಿರುಗಿಸುತ್ತಾರೆ. ಗೋಣಿಯನ್ನು ಒಂದೊಂದಾಗಿ ಬಿಚ್ಚುತ್ತಾರೆ. ಇಬ್ಬನಿಗೆ ನೆನೆದ ಚೀಲದಡಿ ಇರುವೆ ಸಾಲು, ಪಾಚಿ.

ನಾಲೆಯ ಏರಿ ಮೇಲೆ ಕುಳಿತಾಗ, ನಿಮಗೊಂದು ಸನ್ಮಾನವಾಗಬೇಕು, ಜಿಲ್ಲೆಯೇ ಎದ್ದು ನಿಲ್ಲಬೇಕು ಎನ್ನುತ್ತೇನೆ. ಅವರು ನೆಲ ನೋಡುತ್ತಾರೆ.

“ಚಳಿಗೆ ಸಾಯ್ಲಿಲ್ಲ ಸಾ ಅವು. ನಾನು ಸಾಯ್ಸ್ದೆ.”

ಹನ್ನೊಂದು ವರ್ಷದ ಹಿಂದಿನ ಮಾಗಿ. ಕಣ್ಣಿನ ಆಪರೇಷನ್ನಿಗೆ ಹೊರಟ ಕೆಂಪಸಿದ್ದಯ್ಯ ಏಳು ಪೆಟ್ಟಿಗೆಯನ್ನು ಇವರಿಗೆ ಒಪ್ಪಿಸಿ, ಎತ್ತಿ ನೋಡು, ಭಾರವಿದ್ದರೆ ಸುಮ್ಮನಿರು ಎಂದಿದ್ದರು. ಭಾರವೇ ಇತ್ತು.

“ಆದ್ರೂ ಮನ್ಸು ತಡೀಲಿಲ್ಲ. ಬಾಗ್ಲಿಗೆ ಬಂದೋರ್ಗೆ ಬೆಲ್ಲ ನೀರು ಕೊಡೋರು ನಾವು. ಆಲೆಮನೆ ಬೆಲ್ಲ, ಒಸಾದು. ಸಕ್ರೆಗಿಂತ ನಮ್ ಬೆಲ್ಲ ಏನ್ ಕಮ್ಮಿ ಅಂತ ಜಂಬ ನಂಗೆ. ನೀರಲ್ಲಿ ಕಲ್ಸಿ ಏಳು ಪೆಟ್ಟಿಗೆಗೂ ಇಟ್ಟೆ. ವಾರದೊಳ್ಗೆ ಬೆಲ್ಲ ಅರಗ್ದೆ ಒಟ್ಟೆ ಕೆಟ್ಟು ಪೆಟ್ಟಿಗೆ ಮುಂದೆಲ್ಲ ಕಂದು ಬೇದಿ, ಗೀಟು ಗೀಟು. ಐದು ಸಂಸಾರ ಓಯ್ತು ಸಾ. ಮಾವ ಕಣ್ಣಿಗೆ ಪಟ್ಟಿ ಕಟ್ಕೊಂಡು ಬಂದು ಏನಾಯ್ತವ್ವ ಅಂದ್ರು. ಚಳಿ ಅಂದ್ಬುಟ್ಟೆ. ಕಣ್ಣು ಕಾಣೋದ್ರೊಳ್ಗೆ ಪೆಟ್ಟಿಗೆ ತೊಳ್ದಿಟ್ಟಿದ್ದೆ.”

ಕೆಂಪಸಿದ್ದಯ್ಯ ನಂಬಿದರು. ಅಂದಿನಿಂದ ಕಂಡಕಂಡವರಿಗೆಲ್ಲ ಗೋಣಿ ಸುತ್ತಿ ಎಂದು ಹೇಳುತ್ತ ಬಂದಿದ್ದಾರೆ. ಒಂದು ಮಾತಿಗೆ ಒಂಬತ್ತು ಹಳ್ಳಿಯ ಜೇನು ಗೋಣಿ ಹೊದ್ದಿದೆ. ಸುಳ್ಳಿಗೆ ಉದ್ದ ಅಗಲ ಹೆಚ್ಚಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲವೆಂದುಕೊಂಡಿದ್ದೆ. ನನ್ನ ಯಾವ ಸುಳ್ಳೂ ಇಷ್ಟು ಚೀಲ ಕೇಳಿರಲಿಲ್ಲ. ಬರೆದುಕೊಂಡಿದ್ದ ‘ಜೇನುದೇವತೆ’ ಎಂಬ ತಲೆಬರಹವನ್ನು ನಾಚಿಕೊಂಡು ಹೊಡೆದುಹಾಕುತ್ತೇನೆ.

“ಬರೀಲಾ?”

“ಬರೀರಿ. ಆದ್ರೆ ಮಾವ ಭಾನುವಾರ ಭೂತಗನ್ನಡಿ ಇಟ್ಕೊಂಡು ಪೇಪರ್ ಓದ್ತಾರೆ. ಅದ್ರಲ್ಲಿ ನೋಡೋದ್ಕಿಂತ ಮುಂಚೆ ನನ್ ಬಾಯಲ್ಲಿ ಕೇಳ್ಬೇಕು.”

ಇಬ್ಬರೂ ಮಳವಳ್ಳಿ ಬಸ್ಸು ಹತ್ತುತ್ತೇವೆ. ಶಿವನಸಮುದ್ರದ ಮನೆಯ ಹಿತ್ತಲಲ್ಲಿ ಕೆಂಪಸಿದ್ದಯ್ಯ ಕುರ್ಚಿ ಹಾಕಿಕೊಂಡು ಕೂತಿದ್ದಾರೆ. ಪಕ್ಕದಲ್ಲೊಂದೇ ಪೆಟ್ಟಿಗೆ, ಅದಕ್ಕೆ ಎರಡು ಪದರ ಗೋಣಿ. ಪಟ್ಟಲಮ್ಮ ನಿಂತೇ ಎಲ್ಲ ಹೇಳುತ್ತಾರೆ. ಬೆಲ್ಲ, ಗೀಟು, ತೊಳೆದದ್ದು.

ಮುದುಕರು ಕೋಲೂರಿ ಅವರತ್ತ ತಿರುಗುತ್ತಾರೆ.

“ನನ್ನ ನೋಡಿ ನಗ್ತಿದ್ಯೇನಮ್ಮಿ, ಗೋಣಿ ಸುತ್ತಿಸ್ತಿದ್ದಾಗ?”

“ಇಲ್ಲ ಮಾವ. ಕಂಡಲ್ಲೆಲ್ಲ ತಲೆ ತಗ್ಗುಸ್ತಿದ್ದೆ.”

“ಐದು ಪೆಟ್ಟಿಗೆ ಓಗ್ಲಿ, ಜೇನು ಇವತ್ತಿಲ್ದಿದ್ರೆ ನಾಳೆ ಬತ್ತದೆ. ಊರೂರಲ್ಲಿ ನನ್ನ ಬಾಯಲ್ಲಿ ಸುಳ್ಳೇಳಿಸ್ದಲ್ಲ.” ಕೋಲಿನಿಂದ ಪೆಟ್ಟಿಗೆ ತೋರಿಸುತ್ತಾರೆ. “ಬಿಚ್ಚು ಅದ್ನ. ಎತ್ತು.”

ಪಟ್ಟಲಮ್ಮ ಗೋಣಿ ಬಿಚ್ಚಿ, ಎರಡು ಬೆರಳು ಕೊಟ್ಟು ಎತ್ತುತ್ತಾರೆ.

“ಐತೆ ಮಾವ. ಏನೂ ಕೊಡದು ಬೇಡ.”

ಕೆಂಪಸಿದ್ದಯ್ಯ ಕುರ್ಚಿಯಿಂದ ಮೆಲ್ಲಗೆ ಎದ್ದು, ಬಗ್ಗಿ, ತಾವೂ ಎತ್ತಿ ನೋಡುತ್ತಾರೆ.

“ಸರಿಯಾಗೇ ಹೇಳ್ದೆ. ಆದ್ರೆ ಇನ್ಮ್ಯಾಲೆ ನೀನು ಎತ್ತಿದ್ಮೇಲೆ ನಾನೂ ಒಂದ್ಸಲ ಎತ್ತಿ ನೋಡ್ತೀನಿ ಕಣವ್ವ.”

“ನೋಡಿ ಮಾವ.”

ಬಸ್ ನಿಲ್ದಾಣದಲ್ಲಿ ಪಟ್ಟಲಮ್ಮ ಗೋಣಿ ಮಡಿಸಿ ಕಂಕುಳಲ್ಲಿಟ್ಟುಕೊಂಡು ನಿಂತಿದ್ದಾರೆ. ನಾಳೆಯಿಂದ ಒಂಬತ್ತು ಹಳ್ಳಿಗೂ ಮತ್ತೆ ಹೋಗಿ, ಮನೆಮನೆಯಲ್ಲೂ ಇದನ್ನೇ ಹೇಳಿ ಗೋಣಿ ಬಿಚ್ಚಿಸಬೇಕಂತೆ. ಪತ್ರಿಕೆಯಲ್ಲಿ ಏನು ಹಾಕಲಿ ಎಂದು ಕೇಳಿದರೆ ಅವರ ಆಸೆ ಒಂದೇ:

“ಬೆಲ್ಲ ಕೊಟ್ಟೋಳು ಪಟ್ಟಲಮ್ಮ ಅಂತ ಹೆಸರು ಆಕಿ ಸಾ. ಚಳಿ ಮ್ಯಾಲೆ ಆಕ್ಬೇಡಿ.”