ಹೊಳೆಯ ತಳದ ಶಾಲೆ

ಹರಿಹರದಲ್ಲಿ ನಮಗೆ ಮೂರನೇ ಕ್ಲಾಸು ಕಲಿಸಿದ ಮೇಷ್ಟ್ರು ಪ್ರತಿ ಶನಿವಾರ ಬೆತ್ತವನ್ನು ಬೀರುವಿನೊಳಗಿಟ್ಟು, ತುಂಗಭದ್ರೆಯ ತಳದಲ್ಲಿರುವ ಶಾಲೆಯೊಂದರ ಕಥೆ ಹೇಳುತ್ತಿದ್ದರು. ಅಲ್ಲಿ ಮೀನು ಗಂಟೆ ಬಾರಿಸುತ್ತಿತ್ತು. ಆಮೆ ಹಾಜರಿ ಕೂಗಿ ಮುಗಿಸುವಷ್ಟರಲ್ಲಿ ಮಧ್ಯಾಹ್ನವಾಗುತ್ತಿತ್ತು.

“ಲೆಕ್ಕ ಬರಲಿಲ್ಲ ಅಂದ್ರೆ ಅಲ್ಲೂ ಹೊಡಿತಾರೇನ್ರಿ ಸಾರ್?” ಎಂದು ನಾವು ಕೇಳುತ್ತಿದ್ದೆವು.

ಅವರು ಮೂಗಿನ ತುದಿಗೆ ಜಾರಿದ ಕನ್ನಡಕದ ಮೇಲಿಂದ ನೋಡಿ, “ಅಲ್ಲಿ ಹಂಗಲ್ಲ ನೋಡ್ರಪ್ಪಾ. ಹೊಡೆದ ಮೇಷ್ಟ್ರೇ ಹೊರಗ ನಿಲ್ಲಬೇಕು. ಏಟು ತಿಂದ ಮಗು ‘ಬರ್ರಿ’ ಅಂದ ಮ್ಯಾಲೇ ಒಳಗ ಬರಬೇಕು” ಎನ್ನುತ್ತಿದ್ದರು.

ಒಂದು ಶುಕ್ರವಾರ ಶಾಲಾ ಇನ್ಸ್‌ಪೆಕ್ಟರು ಬಂದರು. ಗುತ್ತೂರಿನಿಂದ ನಡೆದು ಬರುತ್ತಿದ್ದ ಹುಡುಗಿಗೆ ಅವರೆದುರು ಏಳರ ಮಗ್ಗಿ ಬಾಯಿಗೆ ಬರಲಿಲ್ಲ. “ಇದೇನ್ರೀ ನೀವು ಕಲಿಸಿದ್ದು?” ಎಂದು ಇನ್ಸ್‌ಪೆಕ್ಟರು ನಕ್ಕರು. ಮೇಷ್ಟ್ರು ಅವಳ ಅಂಗೈ ಬಾತುಕೊಳ್ಳುವಂತೆ ಹೊಡೆದರು.

ಮರುದಿನ ಅವರು ಕಥೆ ಹೇಳಲಿಲ್ಲ. ತಲೆ ತಗ್ಗಿಸಿಕೊಂಡು ಹೋಗಿ ಹೊಸ್ತಿಲಾಚೆ ಬಿಸಿಲಲ್ಲಿ ನಿಂತರು. ಹೆಡ್‌ಮೇಷ್ಟ್ರು, “ಒಳಗ ಬರ್ರಿ, ಹುಡುಗರು ನೋಡ್ತಾವೆ” ಎಂದರೂ ಕದಲಲಿಲ್ಲ.

ಅವರನ್ನು ಯಾರು ಕರೆಯಬೇಕೆಂದು ನಮಗೆಲ್ಲ ಗೊತ್ತಿತ್ತು. ಎಲ್ಲರೂ ಅವಳು ಕೂರುವ ಜಾಗದತ್ತ ತಿರುಗಿದೆವು.

ಅವಳು ಅಂದು ಶಾಲೆಗೆ ಬಂದಿರಲಿಲ್ಲ.